ಮಲ್ಪೆಯ ಕಿವಿಗೆ ತಂಪು ಜಾಝ್: ಸ್ಯಾಕ್ಸೋಫೋನ್ ಸಂಕಲನವೊಂದನ್ನು ಕೇಳುವ ಬಗೆ

ಮಲ್ಪೆಯ ದಕ್ಕೆಯಲ್ಲಿ ಮೀನಿನ ಹರಾಜಿನ ಗದ್ದಲ ಇಳಿದು, ಖಾಲಿ ಬುಟ್ಟಿಗಳನ್ನು ತೊಳೆದು ಕವುಚಿ ಹಾಕುವ ಹೊತ್ತಿಗೆ, ಅಲ್ಲಿಂದ ಉಡುಪಿಗೆ ಸಾಗುವ ದಾರಿಯ ಮದುವೆ ಮಂಟಪಗಳಲ್ಲಿ ಬೇರೊಂದು ಸದ್ದು ಏಳತೊಡಗುತ್ತದೆ. ಬಿಳಿ ಪಂಚೆ, ಜರಿಯಂಚಿನ ಶಲ್ಯದ ವಾದಕರು ಕೊರಳಿಗೆ ತೂಗುಹಾಕಿಕೊಂಡಿರುವ ಹಿತ್ತಾಳೆಯ ಬಾಗಿದ ಕೊಳವೆಯಿಂದ ಮೊದಲು ಹಂಸಧ್ವನಿ ಹೊರಡುತ್ತದೆ, ಧಾರೆಯ ಹೊತ್ತಿಗೆ ಗಟ್ಟಿಮೇಳವಾಗುತ್ತದೆ, ಊಟದ ಪಂಕ್ತಿ ಏಳುವ ಹೊತ್ತಿಗೆ ಅದೇ ಕೊಳವೆ ಹಳೆಯ ಸಿನಿಮಾ ಹಾಡಿಗೆ ಇಳಿದಿರುತ್ತದೆ. ಕಾಪುವಿನ ಗುಡಿಯ ಉತ್ಸವದಲ್ಲಾಗಲಿ, ಕಾರ್ಕಳದ ತೇರಿನಲ್ಲಾಗಲಿ, ಉಡುಪಿಯ ಪರ್ಯಾಯದ ಮೆರವಣಿಗೆಯಲ್ಲಾಗಲಿ ಈ ವಾದ್ಯವನ್ನು ಕಂಡು ಬೆರಗಾಗುವವರು ಇಂದು ಯಾರೂ ಇಲ್ಲ. ಹಿರಿಯರ ಬಾಯಲ್ಲಿ ಅದು ಈಗಲೂ ‘ವಾಲಗ’ವೇ.

ಇದೇ ವಾದ್ಯದ ಹೆಸರು ಒಂದು ಜಾಝ್ ಸಂಕಲನದ ಹೊದಿಕೆಯ ಮೇಲೆ ಕಂಡಾಗ ಮಾತ್ರ ಕರಾವಳಿಯ ಕೇಳುಗರು ಅದನ್ನು ಪರದೇಶದ ಸರಕೆಂದು ಬದಿಗೆ ಸರಿಸಿಬಿಡುತ್ತಾರೆ. ಮಣಿಪಾಲದ ವಿದ್ಯಾರ್ಥಿ ನಿಲಯಗಳಲ್ಲಿ ಮತ್ತು ಕಾಫಿ ಅಂಗಡಿಗಳಲ್ಲಿ ಹಿನ್ನೆಲೆಯಾಗಿ ಕೇಳಿಬರುವ ಆ ಮೆದು ಸ್ಯಾಕ್ಸೋಫೋನಿಗೂ ಮಲ್ಪೆಯ ಮದುವೆ ಮನೆಯ ಸ್ಯಾಕ್ಸೋಫೋನಿಗೂ ಸಂಬಂಧವೇ ಇಲ್ಲವೆಂಬ ಎಣಿಕೆ ಅರ್ಧ ಮಾತ್ರ ಸರಿ. ಉಳಿದರ್ಧವನ್ನು ತಿಳಿಯಲು ತಂಪು ಜಾಝ್ ಎಂದರೇನು, ಸಂಕಲನ ಎಂದರೇನು, ಈ ಕೊಳವೆ ನಮ್ಮ ಕಡೆಗೆ ಬಂದದ್ದು ಹೇಗೆ ಎಂಬುದನ್ನು ಒಟ್ಟಿಗೆ ನೋಡಬೇಕಾಗುತ್ತದೆ.

ಹೆಸರು ಕೊಟ್ಟದ್ದೇ ಒಂದು ಸಂಕಲನ

ಜಾಝ್ ಎಂಬುದು ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿ, ಇಪ್ಪತ್ತನೆಯ ಶತಮಾನದ ಉದ್ದಕ್ಕೂ ಹಲವು ಕವಲುಗಳಾಗಿ ಒಡೆದ ಸಂಗೀತ. ಒಂದು ಹಾಡಿನ ಧಾಟಿಯನ್ನು ಎದುರಿಗಿಟ್ಟುಕೊಂಡು, ಅದರ ಆಧಾರಸ್ವರಗಳ ಚೌಕಟ್ಟಿನೊಳಗೆ ವಾದಕನು ಆ ಕ್ಷಣಕ್ಕೆ ಹೊಳೆದಂತೆ ಹೊಸ ಸಂಚಾರಗಳನ್ನು ಕಟ್ಟುವುದು ಅದರ ಜೀವಾಳ. ನಮ್ಮ ಕಲ್ಪನಾಸ್ವರಕ್ಕೆ ಹತ್ತಿರದ ಮನೋಧರ್ಮ ಇದು. 1940ರ ದಶಕದಲ್ಲಿ ಚಾರ್ಲಿ ಪಾರ್ಕರ್ ಎಂಬ ಆಲ್ಟೋ ಸ್ಯಾಕ್ಸೋಫೋನ್ ವಾದಕನೂ ಡಿಜ್ಜಿ ಗಿಲೆಸ್ಪಿ ಎಂಬ ಟ್ರಂಪೆಟ್ ವಾದಕನೂ ಈ ಸಂಚಾರವನ್ನು ಉಸಿರುಕಟ್ಟುವ ವೇಗಕ್ಕೆ ಒಯ್ದರು. ಬೀಬಾಪ್ ಎಂದು ಹೆಸರಾದ ಆ ಶೈಲಿಯ ಬಿಸಿಯನ್ನು ಕಂಡೇ, ದಶಕದ ಕೊನೆಗೆ ಕೆಲವರು ಸದ್ದನ್ನು ತಗ್ಗಿಸಿ, ಸ್ವರದ ನಡುಕವನ್ನು ಕಡಿಮೆ ಮಾಡಿ, ಎಳೆಯನ್ನು ಉದ್ದವಾಗಿಸಿ ನುಡಿಸತೊಡಗಿದರು.

ಮೈಲ್ಸ್ ಡೇವಿಸ್ ಅವರ ಮುಂದಾಳುತನದಲ್ಲಿ ಒಂಬತ್ತು ಮಂದಿಯ ಒಂದು ತಂಡ 1949ರ ಜನವರಿ ಮತ್ತು ಏಪ್ರಿಲ್‌ನಲ್ಲಿ, ಮತ್ತೆ 1950ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಕುಳಿತು 12 ರಚನೆಗಳನ್ನು ಧ್ವನಿಮುದ್ರಿಸಿತು. ಆ ತಂಡದಲ್ಲಿ ಲೀ ಕಾನಿಟ್ಜ್ ಆಲ್ಟೋ ಸ್ಯಾಕ್ಸೋಫೋನ್, ಜೆರ್ರಿ ಮುಲಿಗನ್ ಬ್ಯಾರಿಟೋನ್ ಸ್ಯಾಕ್ಸೋಫೋನ್ ನುಡಿಸಿದ್ದರು. ಆಗಿನದು ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಗಳ ಕಾಲವಾದ್ದರಿಂದ, ಒಂದು ಮಗ್ಗುಲಿಗೆ ಹಿಡಿಸುವ ಸುಮಾರು ಮೂರು ನಿಮಿಷದೊಳಗೆ ಪ್ರತಿ ರಚನೆಯೂ ಮುಗಿಯಬೇಕಾಗಿತ್ತು; ಬಿಡಿ ಬಿಡಿಯಾಗಿ ಹೊರಬಂದ ಆ ತಟ್ಟೆಗಳನ್ನು ಆಗ ಹೆಚ್ಚಿನವರು ಕೊಳ್ಳಲೂ ಇಲ್ಲ. 1957ರಲ್ಲಿ ಕ್ಯಾಪಿಟಲ್ ಕಂಪನಿ ಅವುಗಳಲ್ಲಿ 11ನ್ನು ಒಂದು ದೊಡ್ಡ ತಟ್ಟೆಯಲ್ಲಿ ಸೇರಿಸಿ ‘ಬರ್ತ್ ಆಫ್ ದ ಕೂಲ್’, ಅಂದರೆ ‘ತಂಪಿನ ಹುಟ್ಟು’, ಎಂಬ ಹೆಸರಿಟ್ಟು ಮಾರಿದಾಗ, ಏಳೆಂಟು ವರ್ಷ ಹಿಂದಿನ ಚದುರಿದ ಕೆಲಸಕ್ಕೆ ಒಮ್ಮೆಲೇ ಒಂದು ಪಂಥದ ರೂಪ ಬಂದಿತು.

ನುಡಿಸಿದವರು ಒಂದು ಪಂಥವನ್ನು ಸ್ಥಾಪಿಸುತ್ತೇವೆಂದು ಕುಳಿತವರಲ್ಲ. ಆರಿಸಿ, ಜೋಡಿಸಿ, ಹೆಸರಿಟ್ಟ ಕೈ ಆ ಕೆಲಸವನ್ನು ಮಾಡಿತು. ಸಂಕಲನವನ್ನು ಮರುಮಾರಾಟದ ಸರಕೆಂದು ಹಗುರವಾಗಿ ಕಾಣುವವರು ಈ ಒಂದು ಉದಾಹರಣೆಯನ್ನಾದರೂ ನೆನಪಿಡಬೇಕು.

ಆರಿಸುವ ಕೈಯ ಮಿತಿಗಳು

ಸಂಕಲನವೆಂದರೆ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಡೆ ಮುದ್ರಣಗೊಂಡು ಹಿಂದೆಯೇ ಹೊರಬಂದಿರುವ ನುಡಿಸಾಣಿಕೆಗಳಿಂದ ಕೆಲವನ್ನು ಆಯ್ದು ಹೊಸ ಕ್ರಮದಲ್ಲಿ ಕೂಡಿಸಿದ್ದು. ಕೇಳುಗನು ಅದನ್ನು ಒಬ್ಬ ಕಲಾವಿದನ ಒಟ್ಟು ಬಾಳಿನ ಸಾರವೆಂದು ನಂಬುತ್ತಾನೆ. ನಿಜದಲ್ಲಿ ಅದು ಬಹುತೇಕ ಒಂದು ಕಂಪನಿಯ ಉಗ್ರಾಣದಲ್ಲಿ ಏನಿದೆಯೋ ಅದರ ಸಾರ ಮಾತ್ರ.

ಇಂಪಿಗೆ ಹೆಸರಾದ ತಂಪು ಜಾಝ್ ಸ್ಯಾಕ್ಸೋಫೋನ್ ವಾದಕರಲ್ಲಿ ಮುಖ್ಯನಾದ ಪಾಲ್ ಡೆಸ್ಮಂಡ್‌ನ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. 1924ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಡೆಸ್ಮಂಡ್, ಪಿಯಾನೋ ವಾದಕ ಡೇವ್ ಬ್ರೂಬೆಕ್ ಅವರ ನಾಲ್ವರ ತಂಡದಲ್ಲಿ ಮೊದಲು ಫ್ಯಾಂಟಸಿ ಕಂಪನಿಗೆ, 1954ರಿಂದ ಕೊಲಂಬಿಯಾ ಕಂಪನಿಗೆ ನುಡಿಸಿದರು. 1960ರ ದಶಕದ ಮೊದಲರ್ಧದಲ್ಲಿ ಗಿಟಾರ್ ವಾದಕ ಜಿಮ್ ಹಾಲ್ ಜೊತೆ ಆರ್‌ಸಿಎ ವಿಕ್ಟರ್‌ಗೂ, ಆಮೇಲೆ ಎ ಆ್ಯಂಡ್ ಎಂ ಹಾಗೂ ಸಿಟಿಐ ಕಂಪನಿಗಳಿಗೂ ನುಡಿಸಿದರು. ಹೀಗಾಗಿ ಒಂದು ಕಂಪನಿಯ ‘ಅತ್ಯುತ್ತಮ’ ಸಂಕಲನದಲ್ಲಿ ಪಿಯಾನೋದ ದಪ್ಪ ಸ್ವರಗಳ ಎದುರು ಹಗುರಾಗಿ ತೇಲುವ ಡೆಸ್ಮಂಡ್ ಸಿಗುತ್ತಾರೆ, ಇನ್ನೊಂದರಲ್ಲಿ ಪಿಯಾನೋ ಇಲ್ಲದ, ಗಿಟಾರಿನೊಂದಿಗೆ ಪಿಸುಮಾತಾಡುವ ಡೆಸ್ಮಂಡ್ ಸಿಗುತ್ತಾರೆ. ಇಬ್ಬರೂ ನಿಜ. ಆದರೆ ಒಂದನ್ನೇ ಕೇಳಿದವನಿಗೆ ಅರ್ಧ ಡೆಸ್ಮಂಡ್ ಮಾತ್ರ ಪರಿಚಯ.

ಅಳತೆಯ ಮಿತಿಯೂ ಉಂಟು. 1948ರಲ್ಲಿ ಬಂದ ಎಲ್‌ಪಿ ತಟ್ಟೆಯ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷದ ಆಚೀಚೆ, 1963ರಲ್ಲಿ ಫಿಲಿಪ್ಸ್ ತಂದ ಕ್ಯಾಸೆಟ್ಟಿನ ಸಾಮಾನ್ಯ ಮಾದರಿಗೆ ಮಗ್ಗುಲಿಗೆ ಅರ್ಧ ಗಂಟೆ, ಸಿಡಿಗೆ ಒಟ್ಟು 74 ನಿಮಿಷ. ಡೆಸ್ಮಂಡ್ ಅವರೇ ರಚಿಸಿದ ‘ಟೇಕ್ ಫೈವ್’ 1959ರ ‘ಟೈಮ್ ಔಟ್’ ಎಂಬ ತಟ್ಟೆಯಲ್ಲಿ ಸುಮಾರು ಐದೂವರೆ ನಿಮಿಷ ಇದ್ದರೆ, ಸಣ್ಣ ತಟ್ಟೆಗೆಂದು ಡ್ರಮ್ ಭಾಗವನ್ನು ಕತ್ತರಿಸಿದ ಅದರ ಇನ್ನೊಂದು ರೂಪ ಮೂರು ನಿಮಿಷವೂ ಇಲ್ಲ. ಸಂಕಲನದಲ್ಲಿ ಯಾವುದು ಬಂದಿದೆ ಎಂಬುದನ್ನು ಹೊದಿಕೆಯ ಟಿಪ್ಪಣಿ ಹೇಳದಿದ್ದರೆ, ತನಿ ಆವರ್ತನವನ್ನು ತೆಗೆದುಹಾಕಿದ ಕಛೇರಿಯನ್ನು ಪೂರ್ಣ ಕಛೇರಿಯೆಂದು ಕೇಳಿದಂತೆ ಆಗುತ್ತದೆ.

ಐದರ ನಡೆ

‘ಟೇಕ್ ಫೈವ್’ ಅನ್ನು ಪಾಶ್ಚಾತ್ಯ ಕೇಳುಗರು ಬೆರಗಿನಿಂದ ಕಂಡದ್ದು ಅದರ ಐದು ಮಾತ್ರೆಯ ಲಯಕ್ಕಾಗಿ. ನಾಲ್ಕು ಅಥವಾ ಮೂರರ ಹೆಜ್ಜೆಗೆ ಒಗ್ಗಿದ ಕಾಲಿಗೆ ಅದು ಕುಂಟಿದಂತೆ ಕೇಳಿಸಿತು. ಉಡುಪಿಯ ಸುತ್ತಲಿನ ಕಿವಿಗೆ ಇದರಲ್ಲಿ ಹೊಸತೇನೂ ಇಲ್ಲ. ಕರ್ನಾಟಕ ಸಂಗೀತದ ಖಂಡ ಛಾಪು ತಾಳ ಎರಡು ಮತ್ತು ಮೂರಾಗಿ ಒಡೆಯುವ ಐದೇ ಆಗಿದ್ದು, ಡೆಸ್ಮಂಡ್ ಅವರ ರಚನೆ ಅದನ್ನು ತಿರುಗಿಸಿ ಮೂರು ಮತ್ತು ಎರಡಾಗಿ ಒಡೆಯುತ್ತದೆ, ಅಷ್ಟೇ. ಯಕ್ಷಗಾನದ ಝಂಪೆಗೆ ತಲೆದೂಗಿದವರಿಗೆ ಐದರ ಲೆಕ್ಕವನ್ನು ಯಾರೂ ಬೆರಳೆಣಿಸಿ ಕಲಿಸಬೇಕಾಗಿಲ್ಲ.

ಬ್ರೂಬೆಕ್ ಮತ್ತು ಡೆಸ್ಮಂಡ್ 1958ರಲ್ಲಿ ಅಮೆರಿಕ ಸರ್ಕಾರ ಏರ್ಪಡಿಸಿದ ಪ್ರವಾಸದಲ್ಲಿ ಯೂರೋಪು, ತುರ್ಕಿ ದಾಟಿ ಭಾರತಕ್ಕೂ ಬಂದು ಇಲ್ಲಿನ ವಾದಕರನ್ನು ಕೇಳಿ ಹೋಗಿದ್ದರು. ಆ ದಾರಿಯಲ್ಲಿ ಕಿವಿಗೆ ಬಿದ್ದ ಅಸಮ ಲಯಗಳ ಗುಂಗು ಮರುವರ್ಷದ ‘ಟೈಮ್ ಔಟ್’ ತಟ್ಟೆಯ ಹಿಂದೆ ಇದೆ. 1977ರಲ್ಲಿ ತೀರಿಕೊಂಡ ಡೆಸ್ಮಂಡ್ ‘ಟೇಕ್ ಫೈವ್’ನ ಗೌರವಧನವನ್ನು ಅಮೆರಿಕದ ರೆಡ್‌ಕ್ರಾಸ್ ಸಂಸ್ಥೆಗೆ ಬರೆದಿಟ್ಟಿದ್ದಾರಾದ್ದರಿಂದ, ಆ ರಚನೆಯನ್ನು ಹೊತ್ತ ಸಂಕಲನಗಳ ಹಣದಲ್ಲಿ ಒಂದು ಪಾಲು ಇಂದಿಗೂ ಅಲ್ಲಿಗೆ ಸಲ್ಲುತ್ತದೆ.

ಹಿತ್ತಾಳೆಯ ಮೈ, ಕೊಳಲಿನ ಕುಲ

ಬೆಲ್ಜಿಯಂನ ದಿನಾಂ ಪಟ್ಟಣದಲ್ಲಿ 1814ರಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ ಎಂಬ ವಾದ್ಯಶಿಲ್ಪಿ ತನ್ನ ಹೆಸರನ್ನೇ ಇಟ್ಟು ಈ ವಾದ್ಯಕ್ಕೆ 1846ರಲ್ಲಿ ಪ್ಯಾರಿಸಿನಲ್ಲಿ ಹಕ್ಕುಪತ್ರ ಪಡೆದನು. ಸೇನೆಯ ಬ್ಯಾಂಡಿನಲ್ಲಿ ತುತ್ತೂರಿಗಳ ಗಟ್ಟಿತನಕ್ಕೂ ಕ್ಲಾರಿನೆಟ್ಟಿನ ಮೆದುವಿಗೂ ನಡುವೆ ಒಂದು ಸೇತುವೆ ಬೇಕಾಗಿತ್ತು. ಮೈ ಹಿತ್ತಾಳೆಯದಾದರೂ ಸ್ವರ ಹುಟ್ಟುವುದು ಜೊಂಡಿನ ಜಾತಿಯ ಗಿಡದಿಂದ ಕೆತ್ತಿದ ತೆಳುವಾದ ಒಂದೇ ಪಟ್ಟಿಯ, ಅಂದರೆ ರೀಡಿನ ಕಂಪನದಿಂದ; ಆದ್ದರಿಂದ ಶಾಸ್ತ್ರ ಇದನ್ನು ಕಹಳೆಯ ಸಾಲಿನಲ್ಲಿ ಇಡದೆ ಮರದ ಸುಷಿರ ವಾದ್ಯಗಳ ಸಾಲಿಗೆ ಸೇರಿಸುತ್ತದೆ. ನಾಗಸ್ವರಕ್ಕೆ ಎರಡು ಎಲೆಯ ರೀಡು, ಇದಕ್ಕೆ ಒಂದು. ಎರಡಕ್ಕೂ ಮೇಲಿಂದ ಕೆಳಕ್ಕೆ ಅಗಲವಾಗುತ್ತ ಹೋಗುವ ಕೊಳವೆ.

ತೊಡಕು ಇರುವುದು ರಂಧ್ರಗಳಲ್ಲಿ. ನಾಗಸ್ವರದ ರಂಧ್ರವನ್ನು ಬೆರಳೇ ಮುಚ್ಚುವುದರಿಂದ ಅದನ್ನು ಕಾಲು, ಅರೆ, ಮುಕ್ಕಾಲು ತೆರೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಲೋಹದ ಕೀಲಿ ಮತ್ತು ತೊಗಲಿನ ಮೆತ್ತೆ ನಿಂತಿವೆ; ಒತ್ತಿದರೆ ಮುಚ್ಚು, ಬಿಟ್ಟರೆ ತೆರೆ ಎಂಬುದು ಅದರ ನ್ಯಾಯ. ಮೆಟ್ಟಿಲು ಮೆಟ್ಟಿಲಾಗಿ ಸ್ವರ ಕೊಡಲೆಂದೇ ಕಟ್ಟಿದ ಯಂತ್ರದಲ್ಲಿ ತೋಡಿಯ ಗಾಂಧಾರವನ್ನು ತೂಗಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮ ಕರಾವಳಿಯಲ್ಲಿ.

ಸಜಿಪಮೂಡದಿಂದ ಆಲ್ಬರ್ಟ್ ಹಾಲಿಗೆ

ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರ ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ದೇವಸ್ಥಾನದ ವಾದ್ಯಸೇವೆಯ ಮನೆಯ ಹುಡುಗ ನಾಗಸ್ವರವನ್ನೇ ಹಿಡಿಯಬೇಕಾಗಿತ್ತು. ಆದರೆ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕಂಡು ಕೇಳಿದ್ದು ಅವರ ದಾರಿಯನ್ನೇ ತಿರುಗಿಸಿತು. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿಯೂ, ಮುಂದೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಕಲಿತ ಕದ್ರಿ ಗೋಪಾಲನಾಥರು ಕೀಲಿಗಳ ಮೆತ್ತೆಗಳನ್ನು ತಮ್ಮ ಕೈಗೆ ತಕ್ಕಂತೆ ಮಾರ್ಪಡಿಸಿಕೊಂಡು, ಉಳಿದ ಕೆಲಸವನ್ನು ತುಟಿಗೂ ಗಂಟಲಿಗೂ ಉಸಿರಿಗೂ ಒಪ್ಪಿಸಿದರು. ತುಟಿ ರೀಡಿನ ಮೇಲೆ ಹಾಕುವ ಒತ್ತಡವನ್ನು ಕೂದಲೆಳೆಯಷ್ಟು ಸಡಿಲಿಸಿದರೆ ಸ್ವರ ಇಳಿಯುತ್ತದೆ, ಬಿಗಿದರೆ ಏರುತ್ತದೆ. ಈ ಏರಿಳಿತವೇ ಜಾರು, ಕಂಪಿತ ಮೊದಲಾದ ಗಮಕಗಳಿಗೆ, ಅಂದರೆ ಸ್ವರವನ್ನು ತೂಗಿ, ಜಾರಿಸಿ ನುಡಿಸುವ ಅಲಂಕಾರಗಳಿಗೆ ದಾರಿಯಾಯಿತು.

ಹೇಳಲು ಎರಡು ವಾಕ್ಯ ಸಾಕಾದ ಈ ಸಾಧನೆಗೆ ಹಲವು ವರ್ಷಗಳ ಸಾಧಕ ಬೇಕಾಯಿತು. ಕದ್ರಿಯವರ ನುಡಿಸಾಣಿಕೆಯ ಹಿರಿಮೆಯನ್ನು ವೇಗದಲ್ಲಿ ಕಾಣುವವರು ಹೆಚ್ಚು; ಅದು ಹೆಚ್ಚು ನಿಚ್ಚಳವಾಗಿ ಕೇಳುವುದು ವಿಳಂಬದ ಕೃತಿಗಳಲ್ಲಿ, ವ್ಯಾಸರಾಯರ ಯಮುನಾ ಕಲ್ಯಾಣಿಯ ಕೀರ್ತನೆಯಂಥ ಸರಳ ರಚನೆಗಳಲ್ಲಿ, ಎಲ್ಲಿ ಲೋಹದ ಗಡಸು ಮರೆಯಾಗಿ ಹಾಡುವ ದನಿ ಮಾತ್ರ ಉಳಿಯುತ್ತದೆಯೋ ಅಲ್ಲಿ.

ಜಾಝಿನ ಜಗತ್ತು ಅವರನ್ನು ಬಲು ಬೇಗ ಗುರುತಿಸಿತು. 1978ರಲ್ಲಿ ಮುಂಬಯಿಯಲ್ಲಿ ಆರಂಭವಾಗಿದ್ದ ಜಾಝ್ ಯಾತ್ರಾ ಉತ್ಸವದ 1980ರ ಆವೃತ್ತಿಯಲ್ಲಿ ಅವರನ್ನು ಕೇಳಿದ ಜಾನ್ ಹ್ಯಾಂಡಿ, ಜೊತೆಗೆ ನುಡಿಸಲು ಮುಂದಾದರು. ಹ್ಯಾಂಡಿ ಸಾಮಾನ್ಯರಲ್ಲ, ಚಾರ್ಲ್ಸ್ ಮಿಂಗಸ್ ಅವರ ತಂಡದ ಆಲ್ಟೋ ವಾದಕರಾಗಿದ್ದು, 1975ರಲ್ಲಿ ಉಸ್ತಾದ್ ಅಲಿ ಅಕ್ಬರ್ ಖಾನ್ ಜೊತೆ ‘ಕರುಣಾ ಸುಪ್ರೀಮ್’ ಎಂಬ ಧ್ವನಿಮುದ್ರಿಕೆ ಮಾಡಿದ್ದವರು. ಅಲ್ಲಿಂದ ಮುಂದೆ ಕದ್ರಿಯವರಿಗೆ ಯೂರೋಪಿನ ಜಾಝ್ ಉತ್ಸವಗಳ ಬಾಗಿಲು ತೆರೆಯಿತು, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಪ್ರಾಮ್ಸ್ ಕಛೇರಿಗೆ ಕರೆ ಬಂತು. ಅದೇ ವರ್ಷ ಎ.ಆರ್. ರೆಹಮಾನ್ ಸಂಗೀತದ ‘ಡ್ಯುಯೆಟ್’ ಎಂಬ ತಮಿಳು ಚಿತ್ರ ತೆರೆಕಂಡು, ಶಾಸ್ತ್ರೀಯ ಕಛೇರಿಯ ಹೊಸ್ತಿಲು ತುಳಿಯದವರ ಮನೆಗೂ ಅವರ ವಾದ್ಯವನ್ನು ಕೊಂಡೊಯ್ದಿತು. 2004ರಲ್ಲಿ ಪದ್ಮಶ್ರೀ ಪಡೆದ ಕದ್ರಿ ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ನಿಧನರಾದರು.

ತಮಾಷೆಗೆ ಕೊಟ್ಟ ಉಡುಗೊರೆ

ಕೊಲರಾಡೋದಲ್ಲಿ ಬೆಳೆದ, ಕರ್ನಾಟಕ ಮೂಲದ ಕುಟುಂಬದ ಆಲ್ಟೋ ವಾದಕ ರುದ್ರೇಶ್ ಮಹಾಂತಪ್ಪ ಅವರಿಗೆ ಅಣ್ಣನೊಬ್ಬ ತಮಾಷೆಗೆಂದು ಕೊಟ್ಟ ಧ್ವನಿಮುದ್ರಿಕೆ ಕದ್ರಿಯವರ ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’. ನಗೆಯಾಡಲು ತಂದದ್ದು ಕೇಳುಗನ ಜೀವನದ ದಿಕ್ಕನ್ನೇ ಬದಲಿಸಿತು. ಚಾರ್ಲಿ ಪಾರ್ಕರ್ ಪರಂಪರೆಯಲ್ಲಿ ಪಳಗಿದ್ದ ಮಹಾಂತಪ್ಪ ಕದ್ರಿಯವರನ್ನು ಹುಡುಕಿಕೊಂಡು ಬಂದರು. ಇಬ್ಬರೂ ಕೂಡಿ, ಪಿಟೀಲಿಗೆ ಎ. ಕನ್ಯಾಕುಮಾರಿ, ಮೃದಂಗಕ್ಕೆ ಪೂವಲೂರ್ ಶ್ರೀಜಿ, ಗಿಟಾರಿಗೆ ರೆಜ್ ಅಬ್ಬಾಸಿ ಮೊದಲಾದವರನ್ನು ಸೇರಿಸಿಕೊಂಡು ಮಾಡಿದ ‘ಕಿನ್ಸ್‌ಮೆನ್’ 2008ರಲ್ಲಿ ಹೊರಬಂತು.

ಆ ಧ್ವನಿಮುದ್ರಿಕೆಯಲ್ಲಿ ಎರಡು ಆಲ್ಟೋಗಳನ್ನು ಒಟ್ಟಿಗೆ ಕೇಳಿದಾಗ ಅಚ್ಚರಿಯ ಒಂದು ಸಂಗತಿ ತಿಳಿಯುತ್ತದೆ: ಅಮೆರಿಕದ ಆಲ್ಟೋ ಉರಿಯುತ್ತದೆ, ಮಂಗಳೂರಿನ ಆಲ್ಟೋ ತಣ್ಣಗಿರುತ್ತದೆ. ಡೆಸ್ಮಂಡ್ ಸ್ವರವನ್ನು ಅಲುಗದಂತೆ ನಿಲ್ಲಿಸುವ ಮೂಲಕ ತಂಪನ್ನು ಸಾಧಿಸಿದರೆ, ಕದ್ರಿಯವರು ಸ್ವರವನ್ನು ನಿಲ್ಲಲೇ ಬಿಡದೆ ತೂಗುತ್ತ ತೂಗುತ್ತ ಅದೇ ತಂಪಿಗೆ ಬರುತ್ತಾರೆ. ದಾರಿ ಎದುರುಬದುರು. ಉಸಿರಿನ ಮಿತವ್ಯಯ ಮಾತ್ರ ಒಂದೇ. ಕರಾವಳಿಯ ಕೇಳುಗನು ತಂಪು ಜಾಝ್ ಸಂಕಲನವನ್ನು ಪ್ರವೇಶಿಸಬೇಕಾದ ಬಾಗಿಲು ಇದೇ.

ಮಂಟಪದಲ್ಲಿ ಆದ ಬದಲಾವಣೆ

ಕದ್ರಿಯವರ ಯಶಸ್ಸಿನ ಬಳಿಕ ದಕ್ಷಿಣ ಕನ್ನಡ, ಉಡುಪಿಗಳ ವಾದ್ಯದ ಮನೆಗಳಲ್ಲಿ, ಹೆಚ್ಚಾಗಿ ತಲೆಮಾರುಗಳಿಂದ ದೇವಸ್ಥಾನಗಳ ವಾದ್ಯಸೇವೆ ನಡೆಸಿಕೊಂಡು ಬಂದ ದೇವಾಡಿಗ ಕುಟುಂಬಗಳಲ್ಲಿ, ನಾಗಸ್ವರದ ಪಕ್ಕಕ್ಕೆ ಸ್ಯಾಕ್ಸೋಫೋನ್ ಬಂದು ಕುಳಿತಿತು. ಭೂತಕೋಲದ ಅಂಗಳವೂ ಇದಕ್ಕೆ ಹೊರತಾಗಲಿಲ್ಲ. ‘ಸ್ಯಾಕ್ಸೋಫೋನ್ ಸಹೋದರಿಯರು’ ಎಂದು ಹೆಸರಾದ ಎಂ.ಎಸ್. ಲಾವಣ್ಯ ಮತ್ತು ಎಂ.ಎಸ್. ಸುಬ್ಬಲಕ್ಷ್ಮಿ ಅವರಂಥ ಶಿಷ್ಯೆಯರು ಕಛೇರಿ ವೇದಿಕೆಯಲ್ಲಿ ಅದನ್ನು ಮುಂದುವರಿಸಿದರು. ಇದರಿಂದ ನಾಗಸ್ವರಕ್ಕೆ ನಷ್ಟವಾಯಿತೆಂಬ ಕೊರಗು ಹಿರಿಯ ವಾದಕರಲ್ಲಿದೆ, ಅದನ್ನು ಸುಳ್ಳೆನ್ನುವಂತಿಲ್ಲ. ತೆರೆದ ಬಯಲಿನಲ್ಲಿ ಧ್ವನಿವರ್ಧಕವಿಲ್ಲದೆ ಊರಿಗೇ ಕೇಳಿಸುತ್ತಿದ್ದ ವಾದ್ಯವು, ಮಂಟಪದೊಳಗೆ ಮೈಕಿನ ಮುಂದೆ ಮೆದುವಾಗಿ ನುಡಿಯಬಲ್ಲ ವಾದ್ಯಕ್ಕೆ ಜಾಗ ಬಿಡಬೇಕಾಯಿತು.

ಇನ್ನೂ ಬಾರದ ಸಂಕಲನ

ಡೆಸ್ಮಂಡ್ ಜಿಮ್ ಹಾಲ್ ಜೊತೆ ನುಡಿಸಿದ್ದೆಲ್ಲವನ್ನೂ, ಮುದ್ರಣದ ದಿನಾಂಕ, ಸಹವಾದಕರ ಹೆಸರುಗಳ ಸಮೇತ, ಪೆಟ್ಟಿಗೆಯಾಗಿ ಒಟ್ಟುಗೂಡಿಸಿದವರು ಅಮೆರಿಕದಲ್ಲಿದ್ದಾರೆ. ಕ್ಯಾಸೆಟ್ ಯುಗದಲ್ಲಿ ಹಲವು ಕಂಪನಿಗಳಿಗೆ ನುಡಿಸಿದ ಕದ್ರಿಯವರ ಕೆಲಸಕ್ಕೂ, ಅವರ ಹಿಂದೆ ಹಳ್ಳಿ ಹಳ್ಳಿಯಲ್ಲಿ ನುಡಿಸಿದ ನೂರಾರು ಹೆಸರಿಲ್ಲದ ವಾದಕರ ಕೆಲಸಕ್ಕೂ ಅಂಥ ಆರೈಕೆ ಸಲ್ಲಬೇಕಾಗಿದೆ. ಕ್ಯಾಸೆಟ್ಟಿನ ಹೊದಿಕೆಯಲ್ಲಿ ರಾಗದ ಹೆಸರು, ತಾಳದ ಹೆಸರು ಇದ್ದರೂ ಎಂದು, ಎಲ್ಲಿ ನುಡಿಸಿದ್ದು ಎಂಬುದು ಇರುವುದು ಅಪರೂಪ. ಭಾರತದ ಕಾನೂನಿನಂತೆ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಕಂಪನಿಯಲ್ಲೇ ಉಳಿಯುವುದರಿಂದ, 1980ರ ದಶಕದ ಕ್ಯಾಸೆಟ್ಟುಗಳು ಎಲ್ಲರ ಸೊತ್ತಾಗಲು 2040ರ ದಶಕದವರೆಗೆ ಕಾಯಬೇಕು. ಕಾಂತಪಟ್ಟಿಗೆ ಅಷ್ಟು ತಾಳ್ಮೆ ಇಲ್ಲ. ನಾಲ್ಕು ಮಿಲಿಮೀಟರೂ ಅಗಲವಿಲ್ಲದ ಆ ಪಟ್ಟಿ ತೇವಕ್ಕೆ ಅಂಟಿಕೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ.

ಮದುವೆಯದೋ, ಉತ್ಸವದ್ದೋ, ಕೋಲದ್ದೋ ಸ್ಯಾಕ್ಸೋಫೋನ್ ಕ್ಯಾಸೆಟ್ ಮನೆಯ ಕಪಾಟಿನಲ್ಲಿ ಇಟ್ಟುಕೊಂಡಿರುವ ಓದುಗರು ಅದರ ಮೇಲೆ ಊರು, ವರ್ಷ, ನುಡಿಸಿದವರ ಮತ್ತು ಡೋಲು ಬಡಿದವರ ಹೆಸರು, ಇಷ್ಟನ್ನು ಪೆನ್ಸಿಲಿನಲ್ಲಾದರೂ ಬರೆದಿಡಬೇಕು, ಸಾಧ್ಯವಾದರೆ ಒಂದು ಪ್ರತಿಯನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಬೋಟುಗಳು ದಡ ಸೇರಿ ಮಲ್ಪೆಯಲ್ಲಿ ಮಳೆ ಹಿಡಿಯುವ ಜೂನ್ ತಿಂಗಳಿಗೆ ಮೊದಲೇ ಆ ಕೆಲಸ ಮುಗಿದರೆ ಒಳಿತು.